ಮುಂದೆ ನಿಂತರೆ ಬರೀ ಗುದ್ದು, ಹಾಡು ಕೇಳುವುದಿಲ್ಲ

ಹೋದ ಸಲ ಮಲ್ಪೆ ಬೀಚಿನ ಡಿಸ್ಕೊ ಶೋದಲ್ಲಿ ನಿಮಗೆ ಹಾಡಿನ ಮಾತೇ ಕೇಳದೆ ಕಿವಿ ಗುಂಯ್‌ಗುಟ್ಟಿದ್ದಕ್ಕೆ ಸ್ಟೇಜಿಗೆ ಒತ್ತಿ ನಿಂತದ್ದೇ ಕಾರಣ ಇರಬೇಕು. ಸಬ್‌ವೂಫರ್, ಅಂದರೆ ದಪ್ಪ ಸದ್ದಿನ ದೊಡ್ಡ ಸ್ಪೀಕರ್, ಸ್ಟೇಜಿನ ಬುಡದಲ್ಲೇ ಇರುತ್ತದೆ. ಹಾಡುವವರ ದನಿ ಮೇಲೆ ತೂಗುಹಾಕಿದ ಸ್ಪೀಕರಿನಿಂದ ನಿಮ್ಮ ತಲೆ ಮೇಲೆ ಹಾದು ಹಿಂದಕ್ಕೆ ಹೋಗುತ್ತದೆ. ಡಿಸ್ಕೊದಲ್ಲಿ ಪ್ರತಿ ಬೀಟಿಗೂ ಕಿಕ್ ಡ್ರಮ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ನಿಮಿಷಕ್ಕೆ ಹೆಚ್ಚುಕಡಿಮೆ 120. ಎದೆಗೆ ಗುದ್ದುವುದು ಅದೇ. ದನಿ, ವಾದ್ಯ ಹೊಂದಿಸುವ ಮಿಕ್ಸಿಂಗೇ ಕೆಟ್ಟಿದ್ದರೆ ಬೇರೆ ಮಾತು.

ಈ ಸಲ ಒಳಗೆ ಹೋದ ಕೂಡಲೇ ಸೌಂಡ್ ಇಂಜಿನಿಯರ್ ಕೂರುವ ಮಿಕ್ಸರ್ ಟೆಂಟ್ ಹುಡುಕಿ, ಅದರ ಎದುರೋ ಪಕ್ಕದಲ್ಲೋ ನಿಲ್ಲಿ. ಅವರು ಸೌಂಡ್ ಹೊಂದಿಸುವುದು ಅಲ್ಲಿ ಕೇಳಿಸಿದಂತೆ. ಮುಂದಿನ ಸಾಲಿನ ಟಿಕೆಟ್ಟಿನ ದುಡ್ಡೂ ಉಳಿಯಿತು ಮಾರಾಯ್ರೆ.

ಕಿವಿಗೆ ಫೋಮ್ ಇಯರ್‌ಪ್ಲಗ್ ತೆಗೆದುಕೊಳ್ಳಿ. ಬೆವರಿಲ್ಲದ ಕೈಯಲ್ಲಿ ಹೊಸೆದು ಸಪೂರ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ತೂರಿಸಿ, ಉಬ್ಬುವವರೆಗೆ 30 ಸೆಕೆಂಡ್ ಬೆರಳಲ್ಲಿ ಹಿಡಿಯಿರಿ. ಎಳೆಯದೆ ತುರುಕಿದರೆ ಅರ್ಧಕ್ಕೇ ನಿಲ್ಲುತ್ತದೆ, ಶಬ್ದ ಪಕ್ಕದಿಂದ ನುಗ್ಗುತ್ತದೆ. ಹತ್ತಿ ಇಟ್ಟರೆ ಏನೂ ಪ್ರಯೋಜನ ಇಲ್ಲ. ಶಬ್ದ 100 ಡೆಸಿಬಲ್ ಇದ್ದರೆ ಬರಿಗಿವಿಗೆ 15 ನಿಮಿಷವೇ ಮಿತಿ. ಗುಂಯ್‌ಗುಟ್ಟುವುದು ಎರಡು ದಿನ ದಾಟಿದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ವಿಶೇಷ ಅನುಮತಿ ಇಲ್ಲದಿದ್ದರೆ ರಾತ್ರಿ 10ಕ್ಕೆ ಮೈಕ್ ಬಂದ್, ಹಾಗಾಗಿ ಬೇಗ ಹೋಗಿ ಜಾಗ ಹಿಡಿಯಿರಿ.