ತೂಕ ಇಳಿಯುತ್ತಿದೆ, ಆದರೂ ತಿಂಗಳು ತಿಂಗಳು ಡಾಕ್ಟರ್ ಹತ್ತಿರ ಹೋಗಬೇಕಾ?

ಪ್ರಶ್ನೆ: ನನಗೆ 46 ವರ್ಷ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ತೂಕ ಇಳಿಸಲು ಡಾಕ್ಟರು ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ಐದು ತಿಂಗಳಲ್ಲಿ 9 ಕೆಜಿ ಇಳಿದಿದ್ದೇನೆ. ಪ್ರತಿ ತಿಂಗಳೂ ಬರಲು ಹೇಳುತ್ತಾರೆ. ಹೋದರೆ ತೂಕ ನೋಡಿ, ನಾಲ್ಕು ಮಾತು ಕೇಳಿ ಕಳಿಸುತ್ತಾರೆ. ತೂಕ ನಾನು ಮನೆಯಲ್ಲೇ ನೋಡಿಕೊಳ್ಳಬಹುದಲ್ವಾ? ಅದೂ ಅಲ್ಲದೆ ಕಳೆದ ತಿಂಗಳಿಂದ ತೂಕ ಅಲ್ಲೇ ನಿಂತಿದೆ. ಹೋಗಲು ಮುಜುಗರ.

ಉತ್ತರ: ಹೋಗಿ. ಅದರಲ್ಲೂ ಈ ತಿಂಗಳಂತೂ ತಪ್ಪಿಸಲೇಬೇಡಿ.

ತೂಕ ನೋಡುವುದು ಮನೆಯಲ್ಲೂ ಆಗುತ್ತದೆ, ನಿಜ. ಆದರೆ ಡಾಕ್ಟರು ಕೇಳುವ ಆ ನಾಲ್ಕು ಮಾತಿಗಾಗಿಯೇ ಈ ಭೇಟಿ ಇರುವುದು. ಉದಾಹರಣೆಗೆ ನಿಮ್ಮ ಬಿಪಿ ಮಾತ್ರೆಯ ವಿಷಯವನ್ನೇ ನೋಡಿ. ಆ ಡೋಸ್ ಗೊತ್ತು ಮಾಡಿದ್ದು ನೀವು 9 ಕೆಜಿ ಜಾಸ್ತಿ ಇದ್ದಾಗ. ತೂಕ ಇಳಿದಂತೆ ಸಾಮಾನ್ಯವಾಗಿ ಬಿಪಿಯೂ ಇಳಿಯುತ್ತದೆ. ಮಾತ್ರೆ ಮಾತ್ರ ಹಳೇ ಲೆಕ್ಕದಲ್ಲೇ ಮುಂದುವರಿದರೆ ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರಬಹುದು, ತಲೆ ಸುತ್ತಿ ಬೀಳಲೂಬಹುದು. ಎಷ್ಟೋ ಜನ ಇದನ್ನು ಊಟ ಕಡಿಮೆಯಾಗಿ ಬಂದ ಸುಸ್ತು ಅಂದುಕೊಂಡು ಸುಮ್ಮನಿರುತ್ತಾರೆ. ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿದರೆ ವಿಷಯ ಗೊತ್ತಾಗಿಬಿಡುತ್ತದೆ. ಈ ಸಲ ನೀವೇ ಕೇಳಿ ನೋಡಿಸಿಕೊಳ್ಳಿ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಅವರಿಗೆ ಶುಗರ್ ಪೂರಾ ಇಳಿದುಹೋಗುವ ಅಪಾಯವಿದೆ.

ಇಂಜೆಕ್ಷನ್‌ಗೂ ಲೆಕ್ಕವಿದೆ. ತೂಕಕ್ಕಾಗಿ ಕೊಡುವಾಗ 0.25 ಮಿಲಿಗ್ರಾಂನಿಂದ ಶುರು ಮಾಡಿ, ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾ 2.4ರವರೆಗೆ ಹೋಗುತ್ತಾರೆ. ಇಷ್ಟು ನಿಧಾನ ಯಾಕೆಂದರೆ ಹೊಟ್ಟೆಗೆ ಒಗ್ಗಬೇಕು. ವಾಕರಿಕೆ, ವಾಂತಿ, ಮಲಬದ್ಧತೆ ಎಷ್ಟಿದೆ ಎಂದು ನೋಡಿಯೇ ಮುಂದಿನ ಡೋಸ್ ತೀರ್ಮಾನ. ವಾಂತಿ ಜಾಸ್ತಿಯಾಗಿ ನೀರಿನಂಶ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವುದೂ ಉಂಟು. ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹರಡಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಇಳಿದ 9 ಕೆಜಿಯೆಲ್ಲ ಕೊಬ್ಬೇ ಅಲ್ಲ, ಅದರಲ್ಲಿ ಸ್ವಲ್ಪ ಮಾಂಸಖಂಡವೂ ಸೇರಿರುತ್ತದೆ. ಕೈ ಊರದೆ ಕುರ್ಚಿಯಿಂದ ಏಳುವುದು ಈಗ ಕಷ್ಟವಾಗುತ್ತಿದೆಯೇ? ಆಗುತ್ತಿದ್ದರೆ ಹೇಳಿ. ಪ್ರೋಟೀನ್ ಎಷ್ಟು ಬೇಕು, ಭಾರ ಎತ್ತುವ ವ್ಯಾಯಾಮ ಹೇಗೆ ಶುರು ಮಾಡಬೇಕು ಎಂದು ಆಗ ತಿಳಿಸುತ್ತಾರೆ.

ಇನ್ನು ಮುಜುಗರದ ಮಾತು. ಇದು ನನಗೆ ತುಂಬ ಬೇಸರ ತರುವ ಸಂಗತಿ, ಯಾಕೆಂದರೆ ಜನ ಚಿಕಿತ್ಸೆ ಬಿಡುವುದು ಹೆಚ್ಚಾಗಿ ಇಲ್ಲೇ. ತೂಕ ನಿಂತ ತಿಂಗಳು ಡಾಕ್ಟರಿಗೆ ಮುಖ ತೋರಿಸಲು ಹಿಂಜರಿಯುತ್ತಾರೆ. ತೂಕ ಇಳಿದಾಗ ದೇಹ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ, ಹಸಿವು ಹುಟ್ಟಿಸುವ ಹಾರ್ಮೋನ್ ಏರುತ್ತದೆ. ಅದು ನಿಮ್ಮ ಸೋಮಾರಿತನವಲ್ಲ, ದೇಹದ ಸ್ವಭಾವ. ನಿಂತದ್ದಕ್ಕೆ ಬೇರೆ ಕಾರಣವೂ ಇರಬಹುದು: ಡೋಸ್ ಸಾಲದಿರಬಹುದು, ನಡುವೆ ಒಂದೆರಡು ಇಂಜೆಕ್ಷನ್ ತಪ್ಪಿರಬಹುದು, ನಿದ್ದೆ ಕೆಟ್ಟಿರಬಹುದು, ಥೈರಾಯ್ಡ್ ಇರಬಹುದು, ಸ್ಟೆರಾಯ್ಡ್‌ನಂಥ ಬೇರೆ ಔಷಧಿ ಸೇರಿರಬಹುದು. ಇದನ್ನು ಹುಡುಕುವುದು ಡಾಕ್ಟರ ಕೆಲಸ. ಬೈಯುವುದು ಅವರ ಕೆಲಸವಲ್ಲ. ಬೈದರೆ ಬೇರೆಯವರ ಹತ್ತಿರ ಹೋಗಿ, ಆದರೆ ಚಿಕಿತ್ಸೆ ಬಿಡಬೇಡಿ. ನೀವಾಗಿಯೇ ಡೋಸ್ ಏರಿಸಲೂ ಬೇಡಿ.

ಅಂದುಕೊಂಡಷ್ಟು ತೂಕ ಇಳಿದ ಮೇಲೂ ಭೇಟಿ ನಿಲ್ಲುವುದಿಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 68 ವಾರಗಳ ನಂತರ ಇದೇ ಔಷಧಿ ನಿಲ್ಲಿಸಿದವರಿಗೆ ಇಳಿದಿದ್ದ ತೂಕದ ಸುಮಾರು ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿ ಬಂದಿತ್ತು. ಎರಡು ಕೆಜಿ ಮರಳಿದಾಗಲೇ ಕಂಡರೆ ಸರಿಪಡಿಸುವುದು ಸುಲಭ. ತೂಕ ಸ್ಥಿರವಾದ ಮೇಲೆ ಭೇಟಿಯ ಅಂತರ ಹೆಚ್ಚಿಸಬಹುದೇ, ನಡುವಿನ ಒಂದೆರಡು ಭೇಟಿ ವಿಡಿಯೋ ಕಾಲ್‌ನಲ್ಲಿ ಆಗುತ್ತದೆಯೇ ಎಂದು ಕೇಳಿ. ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ, ತಪ್ಪಿದ ಇಂಜೆಕ್ಷನ್ ಇದ್ದರೆ ಅದನ್ನೂ ಅದರಲ್ಲೇ ಬರೆದುಕೊಳ್ಳಿ.