ಟಚ್‌ಪ್ಯಾಡಿಗೆ ಒಗ್ಗಿದ ಕೈಗೆ ವೈರ್‌ಲೆಸ್ ಮೌಸ್

ಪ್ರಶ್ನೆ: ಆರು ವರ್ಷಗಳಿಂದ ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲೇ ಎಲ್ಲ ಕೆಲಸ ಮಾಡಿಕೊಂಡು ಬಂದಿದ್ದೇನೆ. ಸಂಜೆಯಾಗುವಷ್ಟರಲ್ಲಿ ತೋರುಬೆರಳು ಮತ್ತು ಮಣಿಕಟ್ಟು ನೋಯುತ್ತಿದ್ದುದರಿಂದ ಹದಿನೈದು ದಿನಗಳ ಹಿಂದೆ ವೈರ್‌ಲೆಸ್ ಮೌಸ್ ಕೊಂಡೆ. ಪಾಯಿಂಟರ್ ಗುರಿ ದಾಟಿ ಓಡುತ್ತದೆ, ಟೈಪ್ ಮಾಡುವಾಗ ಕರ್ಸರ್ ಬೇರೆಲ್ಲಿಗೋ ಹಾರುತ್ತದೆ, ನಡುನಡುವೆ ಮೌಸ್ ತಡವರಿಸುತ್ತದೆ. ವೇಗವನ್ನು ದಿನಕ್ಕೆರಡು ಬಾರಿ ಬದಲಾಯಿಸಿ ನೋಡಿದರೂ ಹೊಂದಿಕೆಯಾಗುತ್ತಿಲ್ಲ. ದೋಷ ಮೌಸಿನದೋ, ನನ್ನ ಕೈಯದೋ?

ಉತ್ತರ: ಪಾಯಿಂಟರ್ ಗುರಿ ದಾಟಿ ಓಡುವುದಕ್ಕೆ ನೀವೇ ಹೇಳಿರುವ ಆ ದಿನಕ್ಕೆರಡು ಬಾರಿಯ ಬದಲಾವಣೆಯೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಮೌಸನ್ನು ಇಷ್ಟು ತಳ್ಳಿದರೆ ಪಾಯಿಂಟರ್ ಅಷ್ಟು ಸಾಗುತ್ತದೆ ಎಂಬ ಒಂದು ಅಂದಾಜನ್ನು ಕೈ ತಾನಾಗಿಯೇ ಕಲಿತುಕೊಳ್ಳುತ್ತದೆ. ಆ ಅಂದಾಜು ಕೂರುವ ಮೊದಲೇ ವೇಗ ಬದಲಾದರೆ ಕೈ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಆದ್ದರಿಂದ ಒಮ್ಮೆ ಸರಿಯಾಗಿ ಹೊಂದಿಸಿ, ಆಮೇಲೆ ಕನಿಷ್ಠ ಎರಡು ವಾರ ಅದನ್ನು ಮುಟ್ಟದೆ ಬಿಡಿ.

ಹೊಂದಿಸುವ ಬಗೆ ಹೀಗೆ. ಮೌಸಿನ ಮೇಲೆ ಅಥವಾ ಅದರ ಪೆಟ್ಟಿಗೆಯ ಮೇಲೆ ಡಿಪಿಐ ಎಂಬ ಅಂಕಿ ಇರುತ್ತದೆ. 1000 ಡಿಪಿಐ ಎಂದರೆ ಮೌಸ್ ಒಂದು ಇಂಚು ಸರಿದಾಗ ಅದು ಕಂಪ್ಯೂಟರಿಗೆ 1000 ಹೆಜ್ಜೆಗಳ ಲೆಕ್ಕ ಕೊಡುತ್ತದೆ ಎಂದರ್ಥ. ವಿಂಡೋಸ್‌ನಲ್ಲಿ ಪಾಯಿಂಟರ್ ವೇಗದ ಪಟ್ಟಿ ಮಧ್ಯದಲ್ಲಿದ್ದರೆ, 1920 ಪಿಕ್ಸೆಲ್ ಅಗಲದ ಪರದೆಯನ್ನು ಈ ಕಡೆಯಿಂದ ಆ ಕಡೆಗೆ ದಾಟಲು ಕೈ ಎರಡು ಇಂಚು ಸರಿದರೆ ಸಾಕು. ಹೊಸಬರಿಗೆ ಇದು ತುಸು ಚುರುಕೇ ಆಯಿತು. ಮೂರು ಇಂಚಿನಷ್ಟು ಸರಿಸಬೇಕಾಗುವವರೆಗೆ ವೇಗವನ್ನು ಇಳಿಸಿಕೊಂಡರೆ, ಕಿಟಕಿಯ ಮೂಲೆಯಲ್ಲಿರುವ ಪುಟ್ಟ ಗುಣಿಸು ಚಿಹ್ನೆಯ ಮೇಲೂ ಪಾಯಿಂಟರನ್ನು ತಡಕಾಡದೆ ನಿಲ್ಲಿಸಬಹುದು. ಜೊತೆಗೆ ಅದೇ ಸೆಟ್ಟಿಂಗ್ಸ್‌ನಲ್ಲಿರುವ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಎಂಬುದನ್ನು ಆಫ್ ಮಾಡಿಡಿ. ಹೆಸರು ಕೇಳಿದರೆ ನಿಖರತೆ ಹೆಚ್ಚಿಸುವಂತಿದೆಯಾದರೂ, ಅದು ಮಾಡುವ ಕೆಲಸವೆಂದರೆ ಕೈ ಬೇಗ ಸರಿದರೆ ಪಾಯಿಂಟರನ್ನು ಹೆಚ್ಚು ದೂರ, ನಿಧಾನ ಸರಿದರೆ ಕಡಿಮೆ ದೂರ ಒಯ್ಯುವುದು. ಪಳಗಿದವರಲ್ಲಿ ಹಲವರು ಅದನ್ನು ಇಷ್ಟಪಡುತ್ತಾರೆ. ಕಲಿಯುವ ಹಂತದಲ್ಲಿ ಮಾತ್ರ ಅದು ಅಂದಾಜನ್ನು ಕೆಡಿಸುತ್ತದೆ.

ಕರ್ಸರ್ ಹಾರುವುದಕ್ಕೂ ಮೌಸಿಗೂ ಬಹುಶಃ ಸಂಬಂಧವೇ ಇಲ್ಲ. ಟೈಪ್ ಮಾಡುವಾಗ ಹೆಬ್ಬೆರಳ ಬುಡ ಟಚ್‌ಪ್ಯಾಡಿಗೆ ತಾಗುತ್ತಿರುತ್ತದೆ. ವಿಂಡೋಸ್ 11ರ ಟಚ್‌ಪ್ಯಾಡ್ ಸೆಟ್ಟಿಂಗ್ಸ್‌ನಲ್ಲಿ, ಮೌಸ್ ಜೋಡಿಸಿದಾಗಲೂ ಟಚ್‌ಪ್ಯಾಡ್ ಚಾಲೂ ಇರಲಿ ಎಂಬರ್ಥದ ಆಯ್ಕೆಯ ಗುರುತನ್ನು ತೆಗೆದರೆ ಈ ಕಾಟ ನಿಲ್ಲುತ್ತದೆ. ಮ್ಯಾಕ್‌ನಲ್ಲಿಯೂ ಅಂಥದೇ ಆಯ್ಕೆ ಆಕ್ಸೆಸಿಬಿಲಿಟಿ ವಿಭಾಗದಲ್ಲಿದೆ. ಇದರಲ್ಲೊಂದು ತಮಾಷೆಯ ತೊಡಕಿದೆ. ಮೌಸ್ ಮನೆಯಲ್ಲೇ ಉಳಿದು, ಅದರ ಪುಟ್ಟ ರಿಸೀವರ್ ಮಾತ್ರ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡೇ ಇದ್ದರೆ, ಮೌಸ್ ಇದೆಯೆಂದೇ ಕಂಪ್ಯೂಟರ್ ನಂಬಿ ಟಚ್‌ಪ್ಯಾಡನ್ನು ಮುಚ್ಚಿಟ್ಟಿರುತ್ತದೆ. ಟಚ್‌ಪ್ಯಾಡ್ ಕೆಟ್ಟಿತೆಂದು ರಿಪೇರಿಗೆ ಹೊರಡುವ ಮೊದಲು ಆ ರಿಸೀವರನ್ನು ಕಿತ್ತು ನೋಡಿ.

ತಡವರಿಕೆಗೆ ಕಾರಣಗಳು ಹಲವು. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟ ಮೇಲೆ ಮೊದಲ ಚಲನೆಯಲ್ಲಷ್ಟೇ ತಡವಾದರೆ, ಅದು ಬ್ಯಾಟರಿ ಉಳಿಸಲು ನಿದ್ದೆಗೆ ಜಾರಿದ್ದ ಮೌಸ್ ಏಳುವ ಹೊತ್ತು. ಅದಕ್ಕೆ ಚಿಂತೆ ಬೇಡ. ಕೆಲಸದ ನಡುವೆಯೂ ಪಾಯಿಂಟರ್ ಮುಗ್ಗರಿಸುತ್ತಿದ್ದರೆ, ಮೊದಲು ಹೊಸ ಬ್ಯಾಟರಿ ಹಾಕಿ, ಆಮೇಲೆ ರಿಸೀವರಿನ ಅಕ್ಕಪಕ್ಕ ಗಮನಿಸಿ. ಈ ಮೌಸ್‌ಗಳಲ್ಲಿ ಬಹುತೇಕವು 2.4 ಗಿಗಾಹರ್ಟ್ಸ್ ರೇಡಿಯೊ ತರಂಗವನ್ನು ಬಳಸುತ್ತವೆ, ಯುಎಸ್‌ಬಿ 3.0 ಸಂಪರ್ಕದಿಂದ ಹೊಮ್ಮುವ ರೇಡಿಯೊ ಗದ್ದಲವೂ ಇದೇ ತರಂಗಗಳ ವ್ಯಾಪ್ತಿಗೆ ಬೀಳುತ್ತದೆಂದು ಇಂಟೆಲ್ ಸಂಸ್ಥೆ 2012ರಲ್ಲಿಯೇ ವಿವರವಾಗಿ ಪ್ರಕಟಿಸಿತ್ತು. ಹೊರಗಿನ ಹಾರ್ಡ್ ಡಿಸ್ಕನ್ನು ರಿಸೀವರಿನ ಪಕ್ಕದ ಕಿಂಡಿಗೇ ಜೋಡಿಸಿದ್ದರೆ, ರಿಸೀವರನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಬದಲಾಯಿಸಿ. ಗಾಜಿನ ಮೇಜೂ ಕಾರಣವಾಗಬಹುದು. ಮೌಸಿನ ಹೊಟ್ಟೆಯಲ್ಲಿರುವ ಪುಟ್ಟ ಕ್ಯಾಮೆರಾ ಕೆಳಗಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ತೆಗೆದು, ಒಂದನ್ನು ಇನ್ನೊಂದರೊಡನೆ ಹೋಲಿಸಿ ಚಲನೆಯನ್ನು ಲೆಕ್ಕ ಹಾಕುತ್ತದೆ. ನುಣುಪು ಗಾಜಿನಲ್ಲಿ ಹೋಲಿಸಲು ಅದಕ್ಕೆ ಯಾವ ಗೆರೆಯೂ ಸಿಗುವುದಿಲ್ಲ. ಒಂದು ಬಿಳಿ ಹಾಳೆ ಹಾಸಿದರೂ ವ್ಯತ್ಯಾಸ ಕಾಣುತ್ತದೆ.

ಇನ್ನು ನೋವಿನ ಮಾತು. ಮೌಸ್ ಲ್ಯಾಪ್‌ಟಾಪಿಗೆ ಒತ್ತಿಕೊಂಡಂತೆ, ಕೀಲಿಮಣೆಯ ಎತ್ತರದಲ್ಲೇ ಇರಲಿ. ಅದನ್ನು ದೂರಕ್ಕಿಟ್ಟು ಕೈ ಚಾಚುತ್ತಿದ್ದರೆ ಮಣಿಕಟ್ಟಿನ ನೋವು ಭುಜಕ್ಕೆ ವರ್ಗವಾಗುತ್ತದೆ, ಅಷ್ಟೆ. ಮಣಿಕಟ್ಟನ್ನು ಮೇಜಿಗೆ ಊರಿ ತಿರುಗಿಸುವುದರ ಬದಲು ಮೊಣಕೈಯಿಂದ ಮುಂಗೈಯನ್ನೇ ಸರಿಸಿ, ಮೌಸನ್ನು ಬಿಗಿಯಾಗಿ ಹಿಡಿಯಬೇಡಿ. ವೇಗ ತಗ್ಗಿಸಿದ್ದರಿಂದ ಮೇಜಿನ ಅಂಚು ತಲುಪಿದಿರಾದರೆ ಮೌಸನ್ನು ಎತ್ತಿ ಮತ್ತೆ ನಡುವೆ ಇಟ್ಟುಕೊಳ್ಳಿ. ಎತ್ತಿದಾಗ ಪಾಯಿಂಟರ್ ಕದಲುವುದಿಲ್ಲ. ಇಷ್ಟೆಲ್ಲ ಮಾಡಿಯೂ ನೋವು ಕಡಿಮೆಯಾಗದಿದ್ದರೆ, ಅಥವಾ ಬೆರಳುಗಳಲ್ಲಿ ಜೋಮು ಕಾಣಿಸಿಕೊಂಡರೆ, ಮೌಸ್ ಬದಲಾಯಿಸುತ್ತ ಕೂರದೆ ವೈದ್ಯರಿಗೆ ಕೈ ತೋರಿಸಿ.