ಸಂಪಾದಕರ ಉತ್ತರ: ನಲವತ್ತನೇ ಸಲ ಕೇಳಿದಾಗ ಏನು ಹೇಳಲಿ?

ಪ್ರಿಯ ಸಹೋದರಿ,

ಹಾವೇರಿ ಜಿಲ್ಲೆಯಿಂದ ನೀವು ಬರೆದ ಆರು ಪುಟಗಳ ಪತ್ರ ತಲುಪಿದೆ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಹಾಕಿಲ್ಲ. ಇದೇ ಕಷ್ಟ ಇರುವ ಬೇರೆ ಮನೆಗಳಿಗೂ ಉಪಯೋಗ ಆಗಲಿ ಎಂದು ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ.

ಮಗನಿಗೆ 11 ವರ್ಷ, 6ನೇ ಕ್ಲಾಸು. ಒಂದೂವರೆ ವರ್ಷದಿಂದ ಕೈ ತೊಳೆಯುವುದು ಜಾಸ್ತಿ ಆಗಿದೆ. ಶಾಲೆಯಿಂದ ಬಂದು ಬಚ್ಚಲಿಗೆ ಹೋದವನು ಮುಕ್ಕಾಲು ಗಂಟೆ ಹೊರಗೆ ಬರುವುದಿಲ್ಲ. ಬೆರಳ ಸಂದಿಯಲ್ಲಿ ಚರ್ಮ ಬಿರಿದಿದೆ. ಹೋಂವರ್ಕ್ ಬರೆದದ್ದನ್ನೇ ಅಳಿಸಿ, ಮತ್ತೆ ಬರೆದು, ಕೊನೆಗೆ ಹಾಳೆ ಹರಿಯುತ್ತದೆ. ಯಜಮಾನರು ಲಾರಿ ಓಡಿಸುತ್ತಾರೆ. ಅವರು ಊರಲ್ಲಿ ಇಲ್ಲದ ರಾತ್ರಿ ಮಗ ಕೇಳುತ್ತಾನೆ: "ಅವ್ವಾ, ಅಪ್ಪಗ ಏನೂ ಆಗಂಗಿಲ್ಲ ಹೌದಲ್ಲ?" ನೀವು "ಏನೂ ಆಗಂಗಿಲ್ಲ, ಮಲ್ಕೋ" ಅನ್ನುತ್ತೀರಿ. ಎರಡು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಒಂದು ರಾತ್ರಿ ಎಣಿಸಿದ್ದೀರಿ. ನಲವತ್ತು ಸಲ. ಅತ್ತೆಯವರು ಮೊದಲು "ನಮ್ಮ ಕೂಸು ಎಷ್ಟು ಮಡಿ" ಎಂದು ಹೆಮ್ಮೆಪಟ್ಟರು, ಈಗ ದೃಷ್ಟಿ ತೆಗೆಸುತ್ತಿದ್ದಾರೆ. ಯಜಮಾನರು ಎರಡು ಸಲ ಹೊಡೆದು, ಆಮೇಲೆ ತಾವೇ ಅತ್ತಿದ್ದಾರೆ. ನಿಮ್ಮ ಅಣ್ಣ "ಒಂದು ಸಲ ಸಗಣಿಯಲ್ಲಿ ಕೈ ಅದ್ದಿಸಿಬಿಡು, ಹುಚ್ಚು ಬಿಡುತ್ತೆ" ಎಂದಿದ್ದಾರೆ. ಮಕ್ಕಳ ಡಾಕ್ಟರು ಇದು ಒಸಿಡಿ, ಅಂದರೆ ಗೀಳು ಕಾಯಿಲೆ, ಜೊತೆಗೆ ಆತಂಕದ ತೊಂದರೆಯೂ ಇದೆ, ಮನೋವೈದ್ಯರ ಹತ್ತಿರ ಹೋಗಿ ಎಂದು ಚೀಟಿ ಬರೆದುಕೊಟ್ಟು ಮೂರು ತಿಂಗಳಾಯಿತು. ಚೀಟಿ ಇನ್ನೂ ಬೀರುವಿನಲ್ಲೇ ಇದೆ.

ನೀವು ಕೇಳಿದ್ದು ಎರಡು ಪ್ರಶ್ನೆ. ಇದು ನನ್ನಿಂದ ಆಯಿತೇ? ನಲವತ್ತನೇ ಸಲ ಕೇಳಿದಾಗ ನಾನು ಏನು ಹೇಳಲಿ?

ನಾನು ವೈದ್ಯೆ ಅಲ್ಲ. ಆದರೂ ಈ ಕಾಯಿಲೆಯ ಜೊತೆ ಒಂದೇ ಸೂರಿನಡಿ ಬೆಳೆದವಳು. ನನ್ನ ತಮ್ಮನಿಗೆ ಒಂಬತ್ತನೇ ವಯಸ್ಸಿಗೆ ಶುರುವಾಯಿತು. ರಾತ್ರಿ ಬಾಗಿಲ ಚಿಲಕ ಹಾಕಿದೆಯಾ ಎಂದು ನೋಡಿ ಬರುತ್ತಿದ್ದ. ಮಲಗುತ್ತಿದ್ದ. ಎದ್ದು ಮತ್ತೆ ನೋಡುತ್ತಿದ್ದ. ಅಪ್ಪ ಬೈದರು, ಹೊಡೆದರು. ಅಮ್ಮ ಮಾತ್ರ ಪ್ರತಿ ಸಲವೂ ಅವನ ಜೊತೆ ಎದ್ದು, ಲಾಟೀನು ಹಿಡಿದು ಹೋಗಿ, "ನೋಡು ಮಗಾ, ಹಾಕಿದೆ" ಎಂದು ತೋರಿಸುತ್ತಿದ್ದಳು. ಹದಿನೈದು ವರ್ಷ ಹೀಗೇ ನಡೆಯಿತು. ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ಅವನಿಗೆ 24. ಅಲ್ಲಿ ಒಬ್ಬ ವೈದ್ಯರು ಅಮ್ಮನ ಕೈ ಹಿಡಿದು ಮೆತ್ತಗೆ ಹೇಳಿದ ಮಾತು ನನಗೆ ಈಗಲೂ ನೆನಪಿದೆ. "ಅಮ್ಮಾ, ನೀವು ತಪ್ಪು ಮಾಡಿಲ್ಲ. ಆದರೆ ಆ ಲಾಟೀನು ನಿಮ್ಮ ಮಗನಿಗೆ ಬೆಳಕು ಕೊಡಲಿಲ್ಲ, ಅವನ ಕಾಯಿಲೆಗೆ ದಾರಿ ತೋರಿಸಿತು." ತಮ್ಮನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೇ ಪ್ರಶ್ನೆಗೆ ಉತ್ತರ: ಇಲ್ಲ. ನಿಮ್ಮಿಂದ ಆಗಿಲ್ಲ. ಗೀಳು ಕಾಯಿಲೆ ಅನ್ನುವುದು ಮಿದುಳಿನ ಕೆಲಸದಲ್ಲಿ ಆಗುವ ಏರುಪೇರು. ಒಂದಷ್ಟು ಮಟ್ಟಿಗೆ ವಂಶದಲ್ಲಿ ಬರುತ್ತದೆ. ನೂರು ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ ಇರುವಂಥದ್ದು. ಹತ್ತು ವರ್ಷದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವುದು ತುಂಬಾ ಸಾಮಾನ್ಯ. ನಮಗೆಲ್ಲ ದಿನಕ್ಕೆ ನೂರು ಬೇಡದ ಯೋಚನೆ ಬಂದು ಹೋಗುತ್ತವೆ. ಈ ಮಕ್ಕಳಲ್ಲಿ ಅವು ಬರುತ್ತವೆ, ಹೋಗುವುದಿಲ್ಲ. ಆ ಸಂಕಟ ತಡೆಯಲಾಗದೆ ತೊಳೆಯುತ್ತಾರೆ, ಎಣಿಸುತ್ತಾರೆ, ಕೇಳುತ್ತಾರೆ. ಕ್ಷಣಕಾಲ ಹಿತವಾಗುತ್ತದೆ. ತುರಿಕಜ್ಜಿ ಕೆರೆದ ಹಾಗೆ. ಕೆರೆದಾಗ ಸುಖ, ಆಮೇಲೆ ಇನ್ನೂ ಜಾಸ್ತಿ ತುರಿಕೆ. ಹೀಗೇ ಗಾಯ ದೊಡ್ಡದಾಗುತ್ತಾ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಈ ಕಾಯಿಲೆ ಕಣ್ಣಿಗೆ ಬೀಳುವುದು ತಡ. ಮಡಿ, ಮೈಲಿಗೆ, ಮುಸುರೆ, ಎಂಜಲು ಎನ್ನುವ ಮಾತು ಕೇಳುತ್ತಾ ಬೆಳೆದ ಮಗು ಕೈ ತೊಳೆದರೆ ಯಾರಿಗೆ ಅನುಮಾನ ಬರುತ್ತದೆ? ನಿಮ್ಮ ಅತ್ತೆಯವರನ್ನು ದೂರಬೇಡಿ. ಅವರ ಮಡಿಯನ್ನೇ ಸುಮ್ನೆ ಒಂದು ದಿನ ಗಮನಿಸಿ. ಸ್ನಾನ ಮಾಡುತ್ತಾರೆ, ಮಡಿ ಉಡುತ್ತಾರೆ, ಪೂಜೆ ಮುಗಿಸುತ್ತಾರೆ. ಅಲ್ಲಿಗೆ ಮುಗಿಯಿತು. ನೆಮ್ಮದಿಯಾಗಿ ಊಟಕ್ಕೆ ಕೂರುತ್ತಾರೆ, ಅಲ್ವಾ? ಅವರ ಮಡಿಗೆ ಒಂದು ಕೊನೆ ಇದೆ. ನಿಮ್ಮ ಮಗ ಹತ್ತು ಸಲ ತೊಳೆದರೂ ಒಳಗಿನಿಂದ ಏನೋ ಒಂದು "ಸಾಲದು" ಅನ್ನುತ್ತದೆ. ಮೊದಲು ಕೈ, ಆಮೇಲೆ ನಲ್ಲಿ, ಆಮೇಲೆ ನಲ್ಲಿ ಮುಟ್ಟಿದ ಟವೆಲ್ಲು, ಈಗ ತಂಗಿ ಮುಟ್ಟಿದ ತಟ್ಟೆ. ಈ ವ್ಯತ್ಯಾಸವನ್ನು ಅತ್ತೆಯವರಿಗೆ ಅವರ ಮಡಿಯ ಉದಾಹರಣೆಯಿಂದಲೇ ವಿವರಿಸಿ. ಡಾಕ್ಟರ ಮಾತಿಗಿಂತ ಬೇಗ ಅರ್ಥವಾಗುತ್ತದೆ ಎಂದು ನನಗನ್ನಿಸುತ್ತದೆ.

ಪತ್ರದಲ್ಲಿ ಇಲ್ಲದ ಒಂದು ವಿಷಯ ಇದೆ, ಹೇಳಲೇಬೇಕು. ಕೈ ತೊಳೆಯುವುದು ಕಾಣಿಸುತ್ತದೆ. ಒಳಗಿನ ಯೋಚನೆ ಕಾಣಿಸುವುದಿಲ್ಲ. ಈ ಮಕ್ಕಳಿಗೆ ದೇವರ ಬಗ್ಗೆ ಕೆಟ್ಟ ಮಾತು, ಅವ್ವನಿಗೆ ಚಾಕು ಚುಚ್ಚಿದ ಹಾಗೆ ಚಿತ್ರ, ಇಂಥದ್ದೆಲ್ಲ ತಾನಾಗಿಯೇ ಮನಸ್ಸಿಗೆ ಬರುವುದುಂಟು. "ನಾನೇ ಕೆಟ್ಟವನು" ಎಂದು ಮಗು ನಂಬಿಬಿಡುತ್ತದೆ. ಯಾರ ಹತ್ತಿರವೂ ಹೇಳುವುದಿಲ್ಲ. ಒಂದು ಸಂಜೆ ಸುಮ್ನೆ ಮಾತಾಡುತ್ತಾ ಹೇಳಿ: ಬೇಡದ ಯೋಚನೆ ಎಲ್ಲರಿಗೂ ಬರುತ್ತೆ, ಬಂದ ಮಾತ್ರಕ್ಕೆ ನಾವು ಹಾಗೆ ಮಾಡುತ್ತೇವೆ ಅಂತಲ್ಲ, ಅದು ನಮ್ಮ ಆಸೆಯೂ ಅಲ್ಲ. ಬಾಯಿ ಬಿಡಿಸಲು ಹೋಗಬೇಡಿ. ಮಾತು ಕಿವಿಗೆ ಬಿದ್ದಿದ್ದರೆ ಸಾಕು.

ಈಗ ನಲವತ್ತನೇ ಸಲದ ಪ್ರಶ್ನೆಗೆ ಬರುತ್ತೇನೆ. "ಅಪ್ಪಗ ಏನೂ ಆಗಂಗಿಲ್ಲ ಹೌದಲ್ಲ?" ಎಂದು ಕೇಳುವಾಗ ಅವನ ಕಾಯಿಲೆಗೆ ಬೇಕಾಗಿರುವುದು ನೂರಕ್ಕೆ ನೂರು ಗ್ಯಾರಂಟಿ. ಲಾರಿ ಹೊರಟ ಮೇಲೆ ಅಂಥ ಗ್ಯಾರಂಟಿಯನ್ನು ನೀವು ಕೊಡಲಾರಿರಿ, ಯಾರೂ ಕೊಡಲಾರರು. ಅದಕ್ಕೇ ನಿಮ್ಮ ಉತ್ತರ ಎರಡು ನಿಮಿಷಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಏನಾಗುತ್ತದೋ ಗೊತ್ತಿಲ್ಲದೆಯೂ ನಾವೆಲ್ಲ ಮಲಗಿ ನಿದ್ದೆ ಮಾಡುತ್ತೇವಲ್ಲ, ಅದನ್ನೇ ಅವನು ಕಲಿಯಬೇಕು. ಪ್ರತಿ ಸಲ ನೀವು ಉತ್ತರ ಕೊಟ್ಟಾಗ ಕಲಿಯುವ ಒಂದು ಅವಕಾಶ ತಪ್ಪುತ್ತದೆ. ಹೀಗೆ ಮನೆಯವರು ಪ್ರೀತಿಯಿಂದಲೇ ಕಾಯಿಲೆಯ ನಿಯಮ ಪಾಲಿಸುವುದು ಈ ಮಕ್ಕಳಿರುವ ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಎಂಬ ಮನಶ್ಶಾಸ್ತ್ರಜ್ಞರು ತಂದೆತಾಯಿಯ ಈ ನಡವಳಿಕೆ ಬದಲಿಸುವುದನ್ನೇ ಒಂದು ಚಿಕಿತ್ಸೆಯಾಗಿ ಬೆಳೆಸಿದ್ದಾರೆ. ಆತಂಕದ ತೊಂದರೆ ಇದ್ದ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ತಂದೆತಾಯಿಗೆ ಮಾತ್ರ ತರಬೇತಿ ಕೊಟ್ಟಾಗಲೂ, ಮಗುವಿಗೇ ನೇರವಾಗಿ ಚಿಕಿತ್ಸೆ ಕೊಟ್ಟಷ್ಟೇ ಗುಣ ಕಂಡುಬಂತು.

ಹಾಗೆಂದು ಇವತ್ತು ರಾತ್ರಿಯೇ ಬಾಯಿ ಮುಚ್ಚಿ ಕೂರಬೇಡಿ. ಮಗುವಿಗೆ ಅದು ಶಿಕ್ಷೆಯ ಹಾಗೆ ಅನ್ನಿಸುತ್ತದೆ. ಮೊದಲು ಅವನು ನೆಮ್ಮದಿಯಾಗಿರುವ ಒಂದು ಹೊತ್ತು ನೋಡಿ, ಮುಂಚಿತವಾಗಿ ತಿಳಿಸಿ. "ಕೇಳೋದು ನೀನಲ್ಲ, ಆ ಕಾಯಿಲೆ ನಿನ್ನಿಂದ ಕೇಳಿಸುತ್ತೆ. ನಾನು ಉತ್ತರ ಕೊಟ್ಟಷ್ಟೂ ಅದು ಬೆಳೆಯುತ್ತೆ. ಸೋಮವಾರದಿಂದ ರಾತ್ರಿ ಒಂದೇ ಸಲ ಉತ್ತರ ಕೊಡ್ತೀನಿ. ಆಮೇಲೆ ಕೇಳಿದರೆ ಉತ್ತರ ಕೊಡಲ್ಲ, ಆದರೆ ನಿನ್ನ ಪಕ್ಕದಲ್ಲೇ ಇರ್ತೀನಿ." ಕಾಯಿಲೆಗೆ ಅವನೇ ಒಂದು ಹೆಸರಿಡಲಿ. ನನಗೆ ಗೊತ್ತಿರುವ ಒಂದು ಹುಡುಗಿ ಅದನ್ನು "ಕಿರಿಕ್ ಮಾಮ" ಅನ್ನುತ್ತಿದ್ದಳು. ಬೈಯುವುದಾದರೆ ಎಲ್ಲರೂ ಸೇರಿ ಮಾಮನಿಗೇ ಬೈಯುತ್ತಿದ್ದರು.

ಸೋಮವಾರ ರಾತ್ರಿ ಎರಡನೇ ಸಲ ಕೇಳಿದಾಗ ಹೀಗೆ ಹೇಳಿ: "ನಿಂಗೆ ತುಂಬಾ ಭಯ ಆಗ್ತಿದೆ ಅಂತ ಗೊತ್ತು. ಆ ಭಯ ತಡ್ಕೊಳ್ಳೋ ಶಕ್ತಿ ನಿಂಗಿದೆ ಅಂತಾನೂ ಗೊತ್ತು." ಇವೆರಡೇ ಮಾತು. ನಿಮ್ಮ ಮನೆಯ ಮಾತಿನಲ್ಲಿ, ನಿಮ್ಮದೇ ದನಿಯಲ್ಲಿ ಹೇಳಿ. ಮೊದಲರ್ಧ ಮಾತ್ರ ಹೇಳಿದರೆ ಭಯ ದೊಡ್ಡದಾಗುತ್ತದೆ. ಎರಡನೆಯದು ಮಾತ್ರ ಹೇಳಿದರೆ ಗದರಿದ ಹಾಗಾಗುತ್ತದೆ. ಎರಡೂ ಬೇಕು.

ಮೊದಲ ಕೆಲವು ದಿನ ಜೋರಾಗುತ್ತದೆ. ಅಳುತ್ತಾನೆ, ಕಿರುಚುತ್ತಾನೆ, "ನಿಂಗ ನನ್ನ ಮ್ಯಾಲ ಪ್ರೀತಿ ಇಲ್ಲ" ಅಂದರೂ ಅಂದಾನು. ಇದು ಸೋಲಿನ ಲಕ್ಷಣ ಅಲ್ಲ, ಆಗಬೇಕಾದದ್ದೇ. ಅರ್ಧ ಗಂಟೆ ತಡೆದು ಕೊನೆಗೆ ಉತ್ತರ ಕೊಟ್ಟುಬಿಟ್ಟರೆ ಮಾತ್ರ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂದು ಕಾಯಿಲೆ ಕಲಿತುಕೊಳ್ಳುತ್ತದೆ. ಅದಕ್ಕೇ ನಿಮ್ಮಿಂದ ಆಗುವಷ್ಟು ಚಿಕ್ಕದನ್ನು ಆರಿಸಿಕೊಳ್ಳಿ. ಪರೀಕ್ಷೆ ಹತ್ತಿರ ಇರುವಾಗ ಶುರು ಮಾಡಬೇಡಿ. ಅಜ್ಜಿ, ಅಪ್ಪ, ನೀವು, ಮೂವರೂ ಒಂದೇ ಮಾತು ಆಡಬೇಕು. ಫೋನಿನಲ್ಲಿ ಅಪ್ಪನನ್ನು ಕೇಳಿದರೂ ಅದೇ ಉತ್ತರ ಸಿಗಬೇಕು.

ನಿಮ್ಮ ಅಣ್ಣನ ಸಗಣಿಯ ಸಲಹೆ ಮಾತ್ರ ಖಂಡಿತ ಬೇಡ. ಇದರ ಚಿಕಿತ್ಸೆಯಲ್ಲಿ ಭಯವನ್ನು ಎದುರಿಸುವುದು ಇದೆ, ನಿಜ. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಲಂಡನ್ನಿನಿಂದ ಇಬ್ಬರು ರೋಗಿಗಳ ಬಗ್ಗೆ ಬರೆದಾಗಿನಿಂದ ಈ ದಾರಿ ಬೆಳೆದುಬಂದಿದೆ. ಭಯ ಹುಟ್ಟಿಸುವುದನ್ನು ಮುಟ್ಟಬೇಕು, ತೊಳೆಯದೆ ಕಾಯಬೇಕು. ಭಯ ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿಯೇ ಇಳಿಯುತ್ತದೆ. ಆದರೆ ಮೆಟ್ಟಿಲು ಯಾವುದು, ಯಾವಾಗ ಹತ್ತಬೇಕು ಎನ್ನುವುದನ್ನು ಮಗು ಒಪ್ಪಿ ಆರಿಸಬೇಕು. ನಿಮ್ಮ ಮಗನಿಗಾದರೆ ಮೊದಲ ಮೆಟ್ಟಿಲು ಬಾಗಿಲ ಹಿಡಿ ಮುಟ್ಟಿ ಎರಡು ನಿಮಿಷ ಕಾಯುವುದು ಇರಬಹುದು. ನಾಲ್ಕನೆಯದು ನೋಟ್‌ಬುಕ್ಕಿನಲ್ಲಿ ಬೇಕೆಂದೇ ಒಂದು ಅಕ್ಷರ ತಪ್ಪು ಬರೆದು ಹಾಗೇ ಬಿಡುವುದು. ಈ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಜೊತೆ ಕೂತು ಪಟ್ಟಿ ಮಾಡಬೇಕು. ಹಿಡಿದು ಅದ್ದಿದರೆ ಮಗು ಕಲಿಯುವುದು ಒಂದೇ ಪಾಠ, ಮನೆಯವರನ್ನೂ ನಂಬುವ ಹಾಗಿಲ್ಲ ಎಂದು.

ಮಾತ್ರೆಗೆ ಹೆದರಿ ಚೀಟಿ ಬೀರುವಿನಲ್ಲಿಟ್ಟಿದ್ದೀರಿ ಎಂದು ಕಾಣುತ್ತದೆ. ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದರೆ ಸಾಮಾನ್ಯವಾಗಿ ಕೊಡುವುದು ಸರ್ಟ್ರಲಿನ್, ಫ್ಲೂಆಕ್ಸೆಟಿನ್, ಫ್ಲೂವಾಕ್ಸಮಿನ್ ಗುಂಪಿನವು. ಇವು ನಿದ್ದೆ ಮಾತ್ರೆ ಅಲ್ಲ, ಚಟ ಹಿಡಿಸುವುದಿಲ್ಲ. ಗೀಳು ಕಾಯಿಲೆಯಲ್ಲಿ ಗುಣ ಸರಿಯಾಗಿ ಕಾಣಲು 8ರಿಂದ 12 ವಾರ ಬೇಕಾಗಬಹುದು. ಎರಡು ವಾರಕ್ಕೆ "ಏನೂ ಉಪಯೋಗ ಇಲ್ಲ" ಎಂದು ಬಿಡಬೇಡಿ, ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂಬೇಡಿ. ಶುರುವಿನ ವಾರಗಳಲ್ಲಿ ಮಗು ತೀರಾ ಚಡಪಡಿಸಿದರೆ, ಸಾಯುವ ಮಾತಾಡಿದರೆ, ತಕ್ಷಣ ಡಾಕ್ಟರಿಗೆ ತಿಳಿಸಿ. ಅಮೆರಿಕದಲ್ಲಿ 7ರಿಂದ 17 ವರ್ಷದ 112 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 12 ವಾರದಲ್ಲಿ ಕಾಯಿಲೆಯ ಲಕ್ಷಣ ಬಹುಮಟ್ಟಿಗೆ ಹೋದವರು, ಮಾತ್ರೆಯ ಜೊತೆ ಮೇಲೆ ಹೇಳಿದ, ಭಯ ಎದುರಿಸುವ ಬಗೆಯ ತರಬೇತಿಯೂ ಸಿಕ್ಕವರಲ್ಲಿ ನೂರಕ್ಕೆ ಸುಮಾರು 54. ತರಬೇತಿ ಮಾತ್ರ ಸಿಕ್ಕವರಲ್ಲಿ 39, ಮಾತ್ರೆ ಮಾತ್ರ ಸಿಕ್ಕವರಲ್ಲಿ 21. ಅದಕ್ಕೇ, ಬರೀ ಮಾತ್ರೆ ಬರೆದುಕೊಟ್ಟರೆ "ತರಬೇತಿ ಎಲ್ಲಿ ಸಿಗುತ್ತೆ?" ಎಂದು ನೀವೇ ಕೇಳಿ. ಕೇಳಲು ಸಂಕೋಚ ಬೇಡ.

ನಿಮಗೆ ಹತ್ತಿರ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್. ಬೆಂಗಳೂರಿಗೆ ಬರಲಾದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಬೇರೆ ಇದೆ. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗ ಇರುತ್ತದೆ, ಮೊದಲು ಅಲ್ಲಿಗೇ ಹೋಗಬಹುದು. ಹೊರಡುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದೇವಸ್ಥಾನಕ್ಕೆ ಹೋಗುವುದನ್ನು ನಿಲ್ಲಿಸಬೇಕಾಗಿಲ್ಲ. ಅತ್ತೆಯವರ ಮನಸ್ಸಿಗೆ ಅದು ಬೇಕು. ಆಸ್ಪತ್ರೆಯ ದಿನ ತಪ್ಪದಿದ್ದರೆ ಸಾಕು.

ಶಾಲೆಯಲ್ಲಿ ಕ್ಲಾಸ್ ಟೀಚರ್ ಒಬ್ಬರಿಗಾದರೂ ಹೇಳಿ. ಅವನು ನಿಧಾನದ ಹುಡುಗ ಅಲ್ಲ, ಒಂದೇ ಸಾಲನ್ನು ಏಳು ಸಲ ಬರೆಯುತ್ತಿರುವ ಹುಡುಗ. ರಬ್ಬರ್ ಬಳಸದೆ ಗೀಟು ಹಾಕಿ ಮುಂದೆ ಹೋದ ಹಾಳೆಯನ್ನು ಹಾಗೇ ಒಪ್ಪಿಕೊಳ್ಳಲು ಕೇಳಿಕೊಳ್ಳಿ. ಕ್ಲಾಸಿನ ಎದುರು ಇದರ ಬಗ್ಗೆ ಮಾತಾಡದಿರಲಿ.

ಯಜಮಾನರಿಗೂ ಒಂದು ಮಾತು. ಹೊಡೆದ ಮೇಲೆ ಅತ್ತಿದ್ದೀರಿ ಎಂದು ಓದಿದಾಗ ನನಗೆ ನಮ್ಮಪ್ಪ ನೆನಪಾದರು. ಅವರು ಮಗನ ಎದುರು ಎಂದೂ ಅಳಲಿಲ್ಲ. "ಗೊತ್ತಾಗಲಿಲ್ಲ ಮಗಾ" ಎಂದು ಹೇಳುವ ಹೊತ್ತಿಗೆ ತಮ್ಮನಿಗೆ ಮೂವತ್ತು ದಾಟಿತ್ತು. ನಿಮ್ಮ ಮಗನಿಗೆ ಇನ್ನೂ 11. ಈ ವಾರ ಮನೆಗೆ ಬಂದಾಗಲೇ ಹೇಳಿಬಿಡಿ.

ತಮ್ಮ ಈಗ ಮೇಷ್ಟ್ರು. ಕಾಯಿಲೆ ಪೂರ್ತಿ ಹೋಗಿಲ್ಲ. ಕೆಲವು ರಾತ್ರಿ ಚಿಲಕದ ಯೋಚನೆ ಬರುತ್ತದಂತೆ. "ಬಂದಿದೆ, ಕೂತಿರಲಿ" ಎಂದು ಮಗ್ಗುಲು ಬದಲಿಸುತ್ತಾನೆ.

ಪತ್ರದ ಕೊನೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದೀರಿ. ಅಣ್ಣ ಬೈಯುತ್ತಾನೆಂದು 2ನೇ ಕ್ಲಾಸಿನ ಮಗಳು ತನ್ನ ತಟ್ಟೆಯನ್ನು ಹಿತ್ತಲಲ್ಲಿ ಬೇರೆ ಇಡುತ್ತಾಳೆ ಎಂದು. ಒಂದೇ ಸಲದ ಉತ್ತರ ಮನೆಯಲ್ಲಿ ನೆಲೆ ನಿಂತ ಮೇಲೆ, ಎರಡನೇ ಹೆಜ್ಜೆಯಾಗಿ ಇದನ್ನೇ ತೆಗೆದುಕೊಳ್ಳಿ. ಮಗನಿಗೆ ಮುಂಚೆಯೇ ತಿಳಿಸಿ, ಆ ತಟ್ಟೆಯನ್ನು ಒಳಗೆ ತಂದು ಎಲ್ಲರ ತಟ್ಟೆಯ ಜೊತೆ ಅದೇ ಸ್ಟ್ಯಾಂಡಿನಲ್ಲಿ ಇಡಿ. ಅಲ್ಲಿಯವರೆಗೆ, ಭಾನುವಾರ ಒಂದು ಗಂಟೆ ಮಗಳೊಬ್ಬಳನ್ನೇ ಕರೆದುಕೊಂಡು ಸಂತೆಗೆ ಹೋಗಿ ಬನ್ನಿ.

ನಿಮ್ಮ ಮುಂದಿನ ಪತ್ರಕ್ಕೆ ಕಾಯುತ್ತೇನೆ.

ನಿಮ್ಮ,
ಸಂಪಾದಕಿ